ಬೆಲ್ಲ ಬಂದ ಮನೆ

ಸರ್ಕಾರ ಪಡಿತರದ ಜೋಳ, ಅಕ್ಕಿ, ಖಾತೆಗೆ ಹಾಕುತ್ತಿದ್ದ ದುಡ್ಡು ಎಲ್ಲವನ್ನೂ ನಿಲ್ಲಿಸಿ, ಬದಲಿಗೆ ಮನೆಮನೆಗೆ ದಿನಸಿಯ ಪೆಟ್ಟಿಗೆ ಕಳಿಸಲು ಶುರುಮಾಡಿದ ಮೂರನೆಯ ವರ್ಷ, ಗುಳೇದಗುಡ್ಡದ ನೇಕಾರರ ಓಣಿಯ ಜನ ಬೆಲ್ಲ ಕಂಡರೆ ಹೆದರತೊಡಗಿದರು.

ಮೊದಮೊದಲು ಹೆದರುವಂಥದ್ದೇನೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಬೂದು ಬಣ್ಣದ ಗಾಡಿ ಓಣಿಯ ತುದಿಗೆ ಬಂದು ನಿಲ್ಲುತ್ತಿತ್ತು. ಮನೆಗೊಂದು ಪೆಟ್ಟಿಗೆ. ಮೇಲೆ ‘ಸಮಾಹಾರ’ ಎಂದು ಅಚ್ಚಾಗಿರುತ್ತಿತ್ತು; ಓಣಿಯವರ ಬಾಯಲ್ಲಿ ಅದು ಬರೀ ‘ಪೆಟಗಿ’. ಮುಚ್ಚಳದ ಮೇಲೆ ರೂಪಾಯಿ ಅಗಲದ ಒಂದು ಗಾಜು. ಅದರ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಹೆಬ್ಬೆರಳಿಡಬೇಕು. ಕೆಳಗಿನಿಂದ ಕೆಂಪು ಬೆಳಕು ಹೊತ್ತಿ, ಬೆರಳನ್ನು ಹಾಯ್ದು ಉಗುರಿನಲ್ಲಿ ಹೊಳೆಯುತ್ತಿತ್ತು. ಅಷ್ಟರಲ್ಲೇ ರಕ್ತದ ಸಕ್ಕರೆ, ನಾಡಿಯ ಬಡಿತ, ಮೂತ್ರಪಿಂಡದ ಸ್ಥಿತಿ ಎಲ್ಲ ಧಾರವಾಡದಲ್ಲಿದ್ದ ಯಂತ್ರಕ್ಕೆ ಗೊತ್ತಾಗುತ್ತಿತ್ತು. ಮುಂದಿನ ಸೋಮವಾರ ಆ ಮನೆಗೆ ಯಾವ ಬೇಳೆ, ಎಷ್ಟು ಉಪ್ಪು, ಎಷ್ಟು ಎಣ್ಣೆ ಎಂದು ಅದೇ ತೀರ್ಮಾನಿಸುತ್ತಿತ್ತು. ಬೆರಳಿಡದವರ ಪಾಲು ಪೆಟ್ಟಿಗೆಯಲ್ಲಿ ಬರುತ್ತಿರಲಿಲ್ಲ.

ಮುರಿಗೆಪ್ಪನ ಮನೆಯಲ್ಲಿ ಮೂರು ಹೆಬ್ಬೆರಳು. ಮುರಿಗೆಪ್ಪ ಕುಪ್ಪಸದ ಖಣ ನೇಯುವವನು. ನಡುಮನೆಯ ನೆಲದಲ್ಲಿ ತೋಡಿದ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟದ ಹೊತ್ತಿನವರೆಗೆ ಲಾಳಿ ನಿಲ್ಲುತ್ತಿರಲಿಲ್ಲ. ಐವತ್ತರ ಹತ್ತಿರದ ವಯಸ್ಸು. ಹಿಂದಿನ ವರ್ಷ ಎದೆನೋವು ಬಂದು ಬಾಗಲಕೋಟೆಯ ಆಸ್ಪತ್ರೆಯಲ್ಲಿ ಹೃದಯದ ನಾಳಕ್ಕೆ ಸ್ಪ್ರಿಂಗು ಹಾಕಿಸಿಕೊಂಡು ಬಂದಿದ್ದ. ರಕ್ತ ಗಟ್ಟಿಯಾಗದಂತೆ ದಿನಾ ತಪ್ಪದೆ ಗುಳಿಗೆ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಹೆಂಡತಿ ಸುವರ್ಣಾ ನೂಲು ಸುತ್ತಿಕೊಟ್ಟು, ಮನೆಯನ್ನೂ ನೋಡಿಕೊಳ್ಳುತ್ತಿದ್ದಳು. ಮಕ್ಕಳಿರಲಿಲ್ಲ. ಮುರಿಗೆಪ್ಪನ ತಾಯಿ ಹಾಲವ್ವನಿಗೆ ಎಪ್ಪತ್ತು ದಾಟಿತ್ತು. ಬಹಳ ವರ್ಷದ ಸಕ್ಕರೆ ರೋಗ, ಎಡಗಾಲಿನಲ್ಲಿ ಮಾಯದ ಹುಣ್ಣು.

ಹಾಲವ್ವನ ದೆಸೆಯಿಂದ ಆ ಮನೆಗೆ ಬೆಲ್ಲ ಬರುವುದು ಶುರುವಿನಲ್ಲೇ ನಿಂತಿತು. ಮುರಿಗೆಪ್ಪನ ದೆಸೆಯಿಂದ ಉಪ್ಪು, ಎಣ್ಣೆ ಇಳಿದವು. ಯಾವ ರೋಗವೂ ಇಲ್ಲದ ಸುವರ್ಣಾ ಅವರಿಬ್ಬರ ಜೊತೆ ಸಪ್ಪೆ ಬೇಳೆ ಉಂಡಳು.

“ತಾಯಿ ಮಗನ ಪಥ್ಯ ನನ್ನ ಕೊರಳಿಗೆ ಬಿತ್ತು ನೋಡ್ರಿ,” ಎಂದು ನಗುತ್ತಿದ್ದಳು.

ಪಥ್ಯದಿಂದ ಹಾಲವ್ವನ ಸಕ್ಕರೆ ಇಳಿದದ್ದೂ ನಿಜ, ಮುರಿಗೆಪ್ಪನ ಉಸಿರು ಸಲೀಸಾದದ್ದೂ ನಿಜ. ಓಣಿಯ ಕಿರಾಣಿ ಅಂಗಡಿ ಗಿರಾಕಿಗಳಿಲ್ಲದೆ ಬಾಗಿಲು ಹಾಕಿತು. ಬೇಕೆಂದದ್ದನ್ನು ಕೊಂಡು ತರುವ ರೂಢಿಯೇ ಜನಕ್ಕೆ ತಪ್ಪಿತು. ಏನು ಉಣ್ಣಬೇಕೆಂದು ಯೋಚಿಸುವುದು ತಮ್ಮ ಕೆಲಸವಲ್ಲ ಎನ್ನುವಂತೆ ಎಲ್ಲರೂ ಸೋಮವಾರದ ದಾರಿ ಕಾಯುತ್ತಿದ್ದರು.

*

ಬೆಲ್ಲದ ನಿಯಮ ಹುಟ್ಟಿದ್ದು ಧಾರವಾಡದಲ್ಲಿ, ಸಮಾಹಾರ ಕೇಂದ್ರದ ಒಂದು ಸಭೆಯಲ್ಲಿ. ಅದನ್ನು ಬರೆದವಳು ಡಾಕ್ಟರ್ ರೆಹಾನಾ ಸವಣೂರ. ಆಹಾರ ವಿಜ್ಞಾನ ಓದಿದವಳು. ಯಾವ ರೋಗಕ್ಕೆ ಯಾವ ಪಥ್ಯ ಎಂದು ಯಂತ್ರಕ್ಕೆ ಕಲಿಸುವ ಹೊಣೆ ಅವಳದಾಗಿತ್ತು.

ಆ ದಿನದ ಸಭೆಗೆ, ಸಾಯುವ ರೋಗಿಗಳ ಆರೈಕೆ ಮಾಡುವ ಒಬ್ಬ ವೃದ್ಧ ವೈದ್ಯರು ಬಂದಿದ್ದರು. “ನನ್ನ ಹತ್ರ ಒಬ್ಬ ಮುದುಕ ಇದ್ದ,” ಎಂದರು. “ಇನ್ನ ಸ್ವಲ್ಪ ದಿನದಾಗ ಹೋಗಾಂವ. ಒಂದು ಚೂರು ಬೆಲ್ಲ ಕೇಳಿದ. ನಿಮ್ಮ ಪೆಟ್ಟಿಗಿಯೊಳಗ ಬೆಲ್ಲ ಇಲ್ಲ, ಓಣಿಯೊಳಗ ಅಂಗಡಿ ಇಲ್ಲ. ಅಂವಾ ಹಂಗ ಹೋದ. ಆ ಪಥ್ಯ ಯಾರ ಸಲುವಾಗಿ ಇತ್ತು, ಸ್ವಲ್ಪ ಹೇಳ್ರಿ.”

ರೆಹಾನಾಳಿಗೆ ಆ ಮಾತು ನಾಟಿತು. ಒಬ್ಬ ಮನುಷ್ಯ ಇನ್ನೆಷ್ಟು ಕಾಲ ಬದುಕಿಯಾನು ಎಂಬ ಅಂದಾಜು ಯಂತ್ರದ ಬಳಿ ಇದ್ದೇ ಇತ್ತು. ಪಥ್ಯದ ಲೆಕ್ಕಕ್ಕೆ ಅದು ಬೇಕಾಗುತ್ತಿತ್ತು. ಆ ಅಂದಾಜು ಒಂದು ವರ್ಷದೊಳಕ್ಕೆ ಇಳಿದರೆ ಪಥ್ಯ ಬಿಟ್ಟುಬಿಡು, ಆ ಮನೆಯ ಪೆಟ್ಟಿಗೆಯಲ್ಲಿ ಒಂದು ಪೆಂಟಿ ಬೆಲ್ಲ, ಒಂದು ಡಬ್ಬಿ ತುಪ್ಪ ಇಡು ಎಂದು ಅವಳು ಬರೆದಳು. ಕೇಂದ್ರದ ಮುಖ್ಯಸ್ಥ ಶ್ರೀಪಾದ ಇನಾಮದಾರ ಓದಿ, “ಛಲೋ ಅದ, ಮಾನವೀಯ ಅದ,” ಎಂದು ಒಪ್ಪಿದರು. ಚಹಾ ಬರುವುದರೊಳಗೆ ಕೆಲಸ ಮುಗಿದಿತ್ತು.

ಜನರಿಗೆ ಇದನ್ನು ಹೇಗೆ ತಿಳಿಸುವುದು ಎಂದು ಒಬ್ಬರು ಕೇಳಿದ್ದರು. ನೀವು ಸಾಯಲಿದ್ದೀರಿ ಎಂದು ಪೆಟ್ಟಿಗೆಯ ಮೇಲೆ ಬರೆಯಲಾದೀತೆ? ತಿಳಿಸುವುದು ಬೇಡ ಎಂದಾಯಿತು.

*

ತಿಳಿಸದಿದ್ದರೂ ಓಣಿಗೆ ತಿಳಿಯಿತು. ಮೊದಲು ಬೆಲ್ಲ ಬಂದದ್ದು ಕೆಮ್ಮಿನ ಕಲ್ಲಪ್ಪಜ್ಜನ ಮನೆಗೆ. ಮನೆಮಂದಿ ಹಿಗ್ಗಿ ಹೋಳಿಗೆ ಮಾಡಿ ಅಕ್ಕಪಕ್ಕಕ್ಕೂ ಹಂಚಿದರು. ದೀಪಾವಳಿಯ ಹೊತ್ತಿಗೆ ಕಲ್ಲಪ್ಪಜ್ಜ ಇರಲಿಲ್ಲ. ಆಮೇಲೆ ಬಣ್ಣ ಹಾಕುವ ನೀಲವ್ವನ ಮನೆಗೆ ಬಂತು, ಅವಳು ಹೋದಳು. ಮೂರನೆಯದು ಬಂದಾಗ ಯಾರೋ ಹೆಂಗಸು ನೀರು ತರುವಲ್ಲಿ ಆ ಮಾತು ಆಡಿಬಿಟ್ಟಳು: “ಬೆಲ್ಲ ಬಂದ ಮನ್ಯಾಗ ಹೆಣ ಬೀಳತೈತಿ ನೋಡ.”

ಅಲ್ಲಿಂದ ಸೋಮವಾರದ ಬಣ್ಣವೇ ಬೇರೆಯಾಯಿತು. ಪೆಟ್ಟಿಗೆ ತೆರೆಯುವ ಮುಂಚೆ ಹೆಂಗಸರು ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಬೆಲ್ಲ ಬಂದರೆ ಗುಟ್ಟಾಗಿ ಒಯ್ದು ಕೆರೆಗೆ ಎಸೆಯುವವರಿದ್ದರು, ಪರವೂರಿನ ಭಿಕ್ಷುಕರಿಗೆ ಕೊಡುವವರಿದ್ದರು. ಆದರೂ ಓಣಿಗೆ ವಾಸನೆ ಹತ್ತಿಬಿಡುತ್ತಿತ್ತು. ಬೆಲ್ಲ ಬಂದ ಮನೆಗೆ ಯಾರೂ ಮಗ್ಗದ ಕೆಲಸ ಕೊಡುತ್ತಿರಲಿಲ್ಲ, ಹೆಣ್ಣು ಕೇಳುತ್ತಿರಲಿಲ್ಲ. ಇನ್ನೂ ನಡೆದಾಡುತ್ತಿದ್ದವರ ಮುಂದೆಯೇ ಮಂದಿ ದನಿ ತಗ್ಗಿಸಿ ಮಾತಾಡುತ್ತಿದ್ದರು, ಹೆಣದ ಮುಂದೆ ಕೂತವರ ಹಾಗೆ.

ಪೆಟ್ಟಿಗೆ ಮನೆಗೊಂದು. ಬೆಲ್ಲ ಮನೆಯಲ್ಲಿ ಯಾರ ಹೆಸರಿಗೆ ಬಂದಿದೆ ಎಂದು ಅದರ ಮೇಲೆ ಬರೆದಿರುತ್ತಿರಲಿಲ್ಲ. ಜನರನ್ನು ಹೆಚ್ಚು ಸುಟ್ಟದ್ದು ಅದೇ.

*

ಮುರಿಗೆಪ್ಪನ ಮನೆಗೆ ಬೆಲ್ಲ ಬಂದ ದಿನ ಪೆಟ್ಟಿಗೆ ತೆರೆದವಳು ಸುವರ್ಣಾ. ಜೋಳದ ಚೀಲ ಎತ್ತಿದಳು, ಬೇಳೆ ಎತ್ತಿದಳು. ಕೆಳಗೆ ಹಳದಿ ಕಾಗದದಲ್ಲಿ ಸುತ್ತಿದ ಪೆಂಟಿ ಇತ್ತು. ಅವಳು ಮುಚ್ಚಳ ಹಾಕಿ ಅದರ ಮೇಲೇ ಕೂತುಬಿಟ್ಟಳು.

ಹಾಲವ್ವ ಮೂಗೆಳೆದು ನೋಡಿದಳು. “ಸರಿ ಅತ್ತಾಗ. ಬೆಲ್ಲ ಬಂದೈತಿ, ಹೌದಿಲ್ಲ?”

ಸುವರ್ಣಾ ಹೌದೆಂದು ತಲೆಯಾಡಿಸಿದಳು.

“ಅದಕ್ಯಾಕ ಮಾರಿ ಸಣ್ಣದ ಮಾಡ್ತಿ? ಅದು ನಂದು. ಈ ಮನ್ಯಾಗ ಹೋಗಾಕ ತಯಾರಾಗಿ ಕುಂತಾಕಿ ನಾ ಒಬ್ಬಾಕೆ. ಮಾದಲಿ ಮಾಡು. ಬಾಯಿ ಸತ್ತು ಮೂರು ವರ್ಷ ಆತು.”

ಮಗ್ಗದ ಸದ್ದು ನಿಂತಿತ್ತು. ಮುರಿಗೆಪ್ಪ ಕುಣಿಯಲ್ಲಿ ಕೂತೇ ಇತ್ತ ನೋಡುತ್ತಿದ್ದ. ಅವನ ಬಲಗೈ ತಾನಾಗಿಯೇ ಎದೆಯ ಮೇಲೆ ಹೋಗಿತ್ತು. ಅದನ್ನು ಇಬ್ಬರು ಹೆಂಗಸರೂ ಕಂಡರು, ಇಬ್ಬರೂ ಕಾಣದಂತೆ ನಟಿಸಿದರು.

ಹಾಲವ್ವ ಹಟ ಬಿಡಲಿಲ್ಲ. ಸುವರ್ಣಾ ಗೋಧಿ ಒಡೆದು, ಚಪಾತಿ ಬೇಯಿಸಿ, ಪುಡಿ ಮಾಡಿ, ಬೆಲ್ಲ ಕೂಡಿಸಿ ಮಾದಲಿ ಮಾಡಿದಳು. ಮುದುಕಿ ಬಿಸಿ ಹಾಲು, ತುಪ್ಪ ಹಾಕಿಕೊಂಡು ಬಟ್ಟಲು ನೆಕ್ಕುವವರೆಗೆ ತಿಂದಳು. ತಿನ್ನುತ್ತಾ ತಿನ್ನುತ್ತಾ ಮಗನ ಮುಖವನ್ನೇ ನೋಡುತ್ತಿದ್ದಳು. ಅಷ್ಟು ಸಂಭ್ರಮದಿಂದ ತಿಂದದ್ದು ಹಸಿವಿಗಲ್ಲ, ತನ್ನದೆಂದು ಮಗ ನಂಬಲಿ ಎಂದು. ಮುರಿಗೆಪ್ಪ ನಂಬಲಿಲ್ಲ.

“ಯವ್ವನ ಸಕ್ಕರಿ ಇಳದೈತಿ,” ಎಂದ ಹೆಂಡತಿಯ ಹತ್ತಿರ. “ಹೋದ ತಿಂಗಳದಿಂದ ನನಗ ಇಲ್ಲಿ ಹಿಡದಂಗ ಆಗತೈತಿ. ನಿನಗ ಹೇಳಿಲ್ಲ. ಪೆಟಗಿಗೆ ಗೊತ್ತಾಗೈತಿ.”

“ದವಾಖಾನಿಗೆ ಹೋಗೂಣ ನಡೀರಿ.”

“ಹೋಗಿ? ಅದು ಬರೆದ ಮ್ಯಾಲೆ ದವಾಖಾನಿ ಏನ ಅಳಸತೈತಿ?”

ಮುಂದಿನ ಸೋಮವಾರವೂ ಬೆಲ್ಲ ಬಂತು, ಅದರ ಮುಂದಿನ ಸೋಮವಾರವೂ. ಮುರಿಗೆಪ್ಪ ಮಗ್ಗಕ್ಕೆ ಇಳಿಯುವುದನ್ನು ಬಿಟ್ಟ. ಅರ್ಧ ನೆಯ್ದ ಖಣ ಮಗ್ಗದ ಮೇಲೇ ಧೂಳು ತಿನ್ನುತ್ತಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಗುಳಿಗೆ ಕೊಟ್ಟರೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡಂತೆ ಮಾಡುತ್ತಿದ್ದ. ಸುವರ್ಣಾಳಿಗೂ ಒಳಗೊಳಗೇ ಒಂದು ಯೋಚನೆ ಬರುತ್ತಿತ್ತು. ಯಾವ ರೋಗವೂ ಇಲ್ಲದ ತನ್ನ ಹೆಸರಿಗೇ ಬಂದಿದ್ದರೆ? ಬಚ್ಚಲಲ್ಲಿ ನಿಂತು ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಅವಳು ಸೀರೆ ಬದಲಿಸಿ, ಅತ್ತೆಗೆ ಮಾತ್ರ ಹೇಳಿ, ಧಾರವಾಡದ ಬಸ್ಸು ಹತ್ತಿದಳು.

*

ಕೇಂದ್ರದ ಬಾಗಿಲಲ್ಲಿ ಅವಳನ್ನು ಒಳಗೆ ಬಿಡಲಿಲ್ಲ. ಊಟದ ಬಿಡುವಿಗೆ ಹೊರಬಂದ ರೆಹಾನಾಳ ಕಾರಿಗೆ ಅವಳು ಅಡ್ಡ ನಿಂತಳು.

“ಮೇಡಮ್ಮಾರ, ನಾ ಗುಳೇದಗುಡ್ಡದಾಕಿ. ನಮ್ಮನಿಗೆ ಬೆಲ್ಲ ಬಂದೈತಿ. ಯಾರದಂತ ಹೇಳ್ರಿ ಸಾಕು, ನಾ ಹೊಳ್ಳಿ ಹೋಗ್ತೀನಿ.”

ರೆಹಾನಾಳಿಗೆ ತಾನು ಬರೆದ ನಿಯಮ ಊರುಗಳಲ್ಲಿ ಏನಾಗಿದೆ ಎಂಬುದು ಮೊದಲ ಸಲ ಗೊತ್ತಾದದ್ದು ಹೀಗೆ. ಅವಳು ಸುವರ್ಣಾಳನ್ನು ತನ್ನ ಕೋಣೆಗೆ ಕರೆದೊಯ್ದು ಕೂರಿಸಿ, ನೀರು ಕೊಟ್ಟು, ಎಲ್ಲ ಕೇಳಿದಳು. ಕಲ್ಲಪ್ಪಜ್ಜ, ನೀಲವ್ವ, ಕೆರೆಗೆ ಬಿದ್ದ ಬೆಲ್ಲ, ಗೋಡೆಗೆ ಮುಖ ಮಾಡಿದ ಗಂಡ.

“ಹೆಸರು ಹೇಳಬಾರದು ಅಂತ ನಿಯಮ ಅದರೀ,” ಎಂದಳು.

“ಹೇಳದಿದ್ರ ನನ್ನ ಗಂಡ ಸಾಯ್ತಾನರೀ. ಊಟ ಬಿಟ್ಟಾನ. ಗುಳಿಗಿ ನುಂಗತಾನೋ ಇಲ್ಲೋ ಗೊತ್ತಿಲ್ಲ. ನಂದ ಇದ್ರೂ ಹೇಳ್ರಿ, ನಾ ಅಳೂದಿಲ್ಲ.”

ರೆಹಾನಾ ಪರದೆಯ ಕಡೆ ತಿರುಗಿದಳು. ಆ ಮನೆ ಹುಡುಕಿದಳು. ಮೂರು ಹೆಸರು, ಒಂದರ ಮುಂದೆ ಮಾತ್ರ ಗುರುತು. ಮುದುಕಿಯ ಮೂತ್ರಪಿಂಡದ ಅಂಕಿ ಎರಡು ತಿಂಗಳಿಂದ ಇಳಿಯುತ್ತಿತ್ತು, ಕಾಲಿನ ಹುಣ್ಣಿನ ನಂಜು ರಕ್ತದಲ್ಲಿ ಕಾಣುತ್ತಿತ್ತು. ಮುರಿಗೆಪ್ಪನ ಹೆಸರಿನ ಮುಂದೆ ಏನೂ ಇರಲಿಲ್ಲ. ಗುಳಿಗೆ ನುಂಗುತ್ತಿದ್ದರೆ ಅವನು ಇನ್ನೂ ಬಹಳ ವರ್ಷ ಬಾಳುವವನು.

“ನಿಮ್ಮತ್ತಿಯವರದು,” ಎಂದಳು. “ನಿಮ್ಮ ಯಜಮಾನರದಲ್ಲ. ಅವರಿಗೆ ಫೋನ್ ಮಾಡಿ ಹೇಳ್ರಿ. ಈಗ, ಇಲ್ಲಿಂದನ ಹೇಳ್ರಿ.”

ಸುವರ್ಣಾ ಅಳುವುದಿಲ್ಲ ಎಂದಿದ್ದಳು, ಅತ್ತುಬಿಟ್ಟಳು.

*

ಫೋನು ಎತ್ತಿದವನು ಮುರಿಗೆಪ್ಪ.

“ರೀ, ನಿಮ್ಮದಲ್ಲಂತರೀ. ನಂದೂ ಅಲ್ಲಂತ. ಮೇಡಮ್ಮಾರ ನೋಡಿ ಹೇಳಿದ್ರು. ನಿಮಗೇನೂ ಇಲ್ಲಂತ.”

“ಖರೇನ?”

“ನಿಮ್ಮಾಣಿ ಖರೆ. ಗುಳಿಗಿ ಒಂದು ತಪ್ಪಿಸಬ್ಯಾಡ್ರಿ ಅಂದಾರ.”

ಮುರಿಗೆಪ್ಪ ನಕ್ಕ. ಗಂಟಲಿನಿಂದ ಬಂದ ನಗೆ, ತಡೆಯಲಾಗದ್ದು. ಎಷ್ಟೋ ದಿನದ ಮೇಲೆ ಎದ್ದು ಕೂತು, ತೊಡೆ ತಟ್ಟಿಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಕಂಡದ್ದು ಒಲೆಯ ಮುಂದೆ ಕೂತ ತಾಯಿ. ಅವಳು ಅವನನ್ನೇ ನೋಡುತ್ತಿದ್ದಳು. ತನ್ನದಲ್ಲ ಎಂದರೆ, ಸುವರ್ಣಾಳದೂ ಅಲ್ಲ ಎಂದರೆ ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ಅವನ ಮುಖ ಕಪ್ಪಿಟ್ಟಿತು. “ಯವ್ವಾ,” ಎಂದ.

“ನಗು,” ಎಂದಳು ಹಾಲವ್ವ. “ಅದಕ್ಯಾಕ ಮಾರಿ ಮುಚಗೋತಿ? ತಾಯಿ ಮೊದಲ ಹೋಗತಾಳ ಅನ್ನೂದು ಕೆಟ್ಟ ಸುದ್ದಿ ಏನೋ ಹುಚ್ಚಾ? ನಾ ಮೊದಲ ದಿನಾನ ಹೇಳಿದ್ನಿಲ್ಲ, ಅದು ನಂದಂತ. ಏಳು, ಮಾರಿ ತೊಳಕೋ. ರೊಟ್ಟಿ ಬಡೀತೀನಿ.”

ಅವನು ಮುಖ ತೊಳೆದು ಬಂದ. ಹಾಲವ್ವ ಹುಣ್ಣಿನ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು ರೊಟ್ಟಿ ಬಡಿದು ಹಾಕಿದಳು. ಅವನು ಉಂಡ. ಉಣ್ಣುತ್ತಲೇ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಹುಡುಗನ ಹಾಗೆ ಅತ್ತ. ಅವಳು ಹಿಟ್ಟಿನ ಕೈಯಲ್ಲೇ ಅವನ ಬೆನ್ನು ಸವರಿದಳು.

ಸಂಜೆ ಸುವರ್ಣಾ ಬಂದಾಗ ಮನೆಯಲ್ಲಿ ಮಗ್ಗದ ಧೂಳು ಒರೆಸಿತ್ತು. ಮುರಿಗೆಪ್ಪ ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದ ಗುಳಿಗೆಗಳನ್ನೆಲ್ಲ ತಂದು ಅವಳ ಮುಂದೆ ಸುರಿದ. ಅಂಗೈ ತುಂಬ ಇದ್ದವು.

“ಇವನ್ನೆಲ್ಲ ಒಮ್ಮೆಕ್ಕ ನುಂಗಬಹುದೇನ?” ಎಂದು ಕೇಳಿ, ಬೈಸಿಕೊಂಡು, ಒಂದು ನುಂಗಿದ.

ನುಂಗದ ದಿನಗಳಲ್ಲೇ ಸ್ಪ್ರಿಂಗಿನೊಳಗೆ ರಕ್ತ ಹೆಪ್ಪುಗಟ್ಟತೊಡಗಿತ್ತು. ಮರುದಿನ ಬೆಳಿಗ್ಗೆ ಅವನು ಮಗ್ಗಕ್ಕಿಳಿದ. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಲಾಳಿಯ ಸದ್ದು ನಿಂತಿತು. ದಾರ ಕಡಿದಿರಬೇಕೆಂದು ಸುವರ್ಣಾ ಹೊರಗಿನಿಂದಲೇ ಕೂಗಿದಳು. ಒಳಬಂದು ನೋಡಿದರೆ ಅವನು ನೆಯ್ದ ಬಟ್ಟೆಯ ಮೇಲೆ ಕೆನ್ನೆಯಿಟ್ಟು ಮಲಗಿದ್ದ. ಕಾಲು ಇನ್ನೂ ಕುಣಿಯಲ್ಲೇ ಇದ್ದವು.

*

ಮಣ್ಣು ಮಾಡಿ ಬಂದ ಮೇಲಿನ ಸೋಮವಾರ ಪೆಟ್ಟಿಗೆ ಬಂತು. ಸುವರ್ಣಾ ತೆರೆಯಲಿಲ್ಲ, ಹಾಲವ್ವನೇ ತೆರೆದಳು. ಜೋಳ ಇಬ್ಬರ ಅಳತೆಗೆ ಇಳಿದಿತ್ತು. ಸಾವಿನ ಸುದ್ದಿ ಅಷ್ಟು ಬೇಗ ಅಲ್ಲಿಗೆ ತಲುಪಿತ್ತು. ಬೆಲ್ಲ ಮಾತ್ರ ಹಾಗೇ ಇತ್ತು, ತುಪ್ಪದ ಡಬ್ಬಿಯ ಜೊತೆ.

ಹಾಲವ್ವ ಪೆಂಟಿಯನ್ನು ತೊಡೆಯ ಮೇಲಿಟ್ಟುಕೊಂಡಳು.

“ನನ್ನ ಬೆಲ್ಲ ನನಗ ಬಂತು,” ಎಂದಳು. “ನನ್ನ ಸಾವು ಅವಗ ಹೋತು. ದಾರಿ ತಪ್ಪಿ ಹೋತು, ಸುವರ್ಣಾ.”

ಆ ದಿನದಿಂದ ಅವಳು ಗಾಜಿನ ಮೇಲೆ ಹೆಬ್ಬೆರಳಿಡಲಿಲ್ಲ.

*

ಧಾರವಾಡದಲ್ಲಿ ರೆಹಾನಾ ಪರದೆಯ ಮೇಲೆ ಆ ಮನೆಯ ದಾಖಲೆಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು. ಒಂದು ದಿನ ಅದರ ಮುಂದೆ ಹಸಿರು ಗುರುತು ಬಿದ್ದಿತ್ತು. ಯಂತ್ರದ ಅಂದಾಜು ಸರಿಯಾಗಿದೆ ಎಂದು ಅದರ ಅರ್ಥ. ಅವಳಿಗೆ ಅರ್ಥವಾಗಲಿಲ್ಲ. ಹಾಲವ್ವ ಹೋದಳೆ? ನೋಡಿದರೆ ಸತ್ತವನು ಮುರಿಗೆಪ್ಪ.

ಅವಳು ಇನಾಮದಾರರ ಕೋಣೆಗೆ ಹೋದಳು. “ಸರ್, ಗುರುತು ಇದ್ದದ್ದು ತಾಯಿಗೆ. ತೀರಿಕೊಂಡವ ಮಗ. ಇದು ಸರಿ ಅಂತ ಹೆಂಗ ಆತು?”

“ಮನಿ ಲೆಕ್ಕರೀ ಮೇಡಂ,” ಎಂದರು ಇನಾಮದಾರ. “ಪೆಟ್ಟಿಗಿ ಮನಿಗೆ ಹೋಗ್ತದ. ಬೆಲ್ಲ ಹೋದ ಮನಿಯೊಳಗ ವರ್ಷದಾಗ ಒಂದು ಬಾಯಿ ಕಡಿಮಿ ಆತೋ ಇಲ್ಲೋ, ಅಷ್ಟ ನೋಡ್ತದ. ಮೊದಲ ಹತ್ತರಾಗ ಆರು ಸರಿ ಬರ್ತಿತ್ತು. ಈಗ ಒಂಬತ್ತು. ಮ್ಯಾಲಿನವರು ಭಾಳ ಖುಷಿ ಇದ್ದಾರ.”

ಮುಂದಿನ ಹಲವು ದಿನ ರೆಹಾನಾ ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿದಳು. ಕೆಲವರಿಗೆ ತಾನೇ ಫೋನು ಮಾಡಿ ಕೇಳಿದಳು. ಒಬ್ಬರು ಡಯಾಲಿಸಿಸ್‌ಗೆ ಹೋಗುವುದನ್ನು ಬಿಟ್ಟಿದ್ದರು. ಒಬ್ಬ ಬಾಣಂತಿ ಅನ್ನ ಬಿಟ್ಟಿದ್ದಳು. ಒಬ್ಬ ಗಟ್ಟಿಮುಟ್ಟಾದ ಗಂಡಸು ಬಾವಿಗೆ ಬಿದ್ದಿದ್ದ. ಆ ಮನೆಯಲ್ಲಿ ಗುರುತು ಇದ್ದದ್ದು ಅವನ ಅಜ್ಜನಿಗೆ. ಬೆಲ್ಲ ಬಂದ ಭಯಕ್ಕೆ ಜನ ಸತ್ತಿದ್ದರು. ಆ ಸಾವುಗಳನ್ನೇ ಯಂತ್ರ ತನ್ನ ಪಾಠವಾಗಿ ಕಲಿತಿತ್ತು. ಇಂಥ ಮನೆಗಳಲ್ಲಿ ಸಾವು ಬರುತ್ತದೆ ಎಂದು ತಿಳಿದು, ಮೊದಲು ಬೆಲ್ಲ ಕಳಿಸದೆ ಇರುತ್ತಿದ್ದ ಮನೆಗಳಿಗೂ ಈಗ ಕಳಿಸುತ್ತಿತ್ತು. ಅಲ್ಲೂ ಸಾಯುತ್ತಿದ್ದರು. ಅದರ ಅಂದಾಜು ಮತ್ತಷ್ಟು ಸರಿಯಾಗುತ್ತಿತ್ತು.

ರೆಹಾನಾ ಸಭೆಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿದಳು. ಇನಾಮದಾರ ಕೆಟ್ಟವರಲ್ಲ, ಕೇಳುತ್ತಾ ಕೇಳುತ್ತಾ ಬೆವರಿದರು. ನಿಯಮ ತೆಗೆಯಲು ಅದನ್ನು ಬರೆದಷ್ಟೂ ಹೊತ್ತು ಹಿಡಿಯಲಿಲ್ಲ. ಇನ್ನು ಯಾವ ಮನೆಗೂ ಪೆಂಟಿ ಬೆಲ್ಲ ಹೋಗುವುದಿಲ್ಲ ಎಂದಾಯಿತು.

ಬೆಲ್ಲ ನಿಂತಿತು, ಭಯ ನಿಲ್ಲಲಿಲ್ಲ. ಕೆಲವೇ ವಾರಗಳಲ್ಲಿ ಹೊಸ ಸುದ್ದಿಗಳು ಬರತೊಡಗಿದವು. ಒಂದೂರಿನಲ್ಲಿ ಹೆಸರುಕಾಳು ಹೆಚ್ಚು ಬಂದ ಮನೆಗೆ ಹೆಣ ಬೀಳುತ್ತದಂತೆ. ಇನ್ನೊಂದೂರಿನಲ್ಲಿ ಶೇಂಗಾ. ಎಲ್ಲೋ ಒಬ್ಬಳು ಸೊಸೆಯನ್ನು, ಅವಳು ಬಂದ ಮೇಲೆ ಪೆಟ್ಟಿಗೆಯಲ್ಲಿ ಅರಿಸಿನ ಜಾಸ್ತಿ ಬಂತೆಂದು ತವರಿಗೆ ಅಟ್ಟಿದ್ದರು. ಯಂತ್ರ ಈಗ ಏನನ್ನೂ ಸೂಚಿಸುತ್ತಿರಲಿಲ್ಲ. ಜನ ಮಾತ್ರ ಬೇಳೆಯನ್ನು ಬೆರಳಲ್ಲಿ ಸರಿಸಿ ಸರಿಸಿ ಅದರೊಳಗೆ ತಮ್ಮ ಹೆಸರು ಹುಡುಕುತ್ತಿದ್ದರು.

ಆ ಹೊತ್ತಿಗೆ ಹಾಲವ್ವನ ಹೆಸರು ರೆಹಾನಾಳ ಪರದೆಗೆ ಬಂತು. ಬಹಳ ವಾರಗಳಿಂದ ಬೆರಳಿನ ಗುರುತಿಲ್ಲ, ತೀರಿಕೊಂಡಿರುವುದನ್ನು ಖಚಿತಪಡಿಸಿ ಎಂದು ಯಂತ್ರ ಕೇಳುತ್ತಿತ್ತು. ಯಾರನ್ನೋ ಕಳಿಸಿ ವಿಚಾರಿಸಬಹುದಿತ್ತು. ರೆಹಾನಾ ತಾನೇ ಹೊರಟಳು.

*

ಬಾಗಿಲು ತೆರೆದಿತ್ತು. ಒಳಗೆ ಮಗ್ಗ ನಡೆಯುತ್ತಿತ್ತು. ಕುಣಿಯಲ್ಲಿ ಕೂತವಳು ಸುವರ್ಣಾ. ರೆಹಾನಾಳನ್ನು ಕಂಡು ಕೈ ನಿಲ್ಲಿಸಿದಳು, ಎದ್ದೇಳಲಿಲ್ಲ.

“ಬರ್ರಿ,” ಎಂದಳು ಅಷ್ಟೇ.

ಹಾಲವ್ವ ಗೋಡೆಗೆ ಒರಗಿ ಕೂತಿದ್ದಳು. ರೆಹಾನಾಳ ಕಣ್ಣು ಮೊದಲು ಹೋದದ್ದು ಅವಳ ಎಡಗಾಲಿಗೆ. ಹುಣ್ಣು ಒಣಗಿ, ಹೊಸ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ಹೇಗೆ ಮಾಯಿತೆಂದು ರೆಹಾನಾಳಿಗೆ ಗೊತ್ತಾಗಲಿಲ್ಲ. ಅವಳು ಓದಿದ ಯಾವ ಲೆಕ್ಕದಲ್ಲೂ ಈ ಮುದುಕಿ ಈ ಹೊತ್ತಿಗೆ ಇರುವಂತಿರಲಿಲ್ಲ.

“ಧಾರವಾಡದ ಮೇಡಮ್ಮಾರು, ಅತ್ತಿ,” ಎಂದಳು ಸುವರ್ಣಾ.

“ಊಟದ ಹೊತ್ತಿಗೆ ಬಂದಿ,” ಎಂದಳು ಹಾಲವ್ವ ರೆಹಾನಾಳಿಗೆ. “ಮೊದಲ ಉಣ್ಣು.”

ಬೇಡವೆನ್ನುವ ಧೈರ್ಯ ರೆಹಾನಾಳಿಗೆ ಬರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಖಾರ. ಪಲ್ಯದಲ್ಲಿ ಉಪ್ಪು ಖಾರ ಎರಡೂ ಮುಂದಾಗಿದ್ದವು, ಪೆಟ್ಟಿಗೆಯ ಅಡಿಗೆಯಲ್ಲ. ಸುವರ್ಣಾ ಖಣ ಮಾರಿ ಸಂತೆಯಿಂದ ತಂದದ್ದು. ಪೆಟ್ಟಿಗೆಯಲ್ಲಿ ಬರುತ್ತಿದ್ದುದು ಒಬ್ಬಳ ಪಾಲು. ಅದನ್ನೂ ಇಬ್ಬರು ಹಂಚಿಕೊಂಡು ಉಣ್ಣುತ್ತಿದ್ದರು.

ಉಂಡು ಕೈ ತೊಳೆದ ಮೇಲೆ ರೆಹಾನಾ ಹೇಳಿದಳು. “ಅವ್ವಾರ, ನಿಮ್ಮ ವಿಷಯದಾಗ ಯಂತ್ರ ತಪ್ಪು ಮಾ‌ಡಿತ್ತರೀ. ಆ ಬೆಲ್ಲದ ನಿಯಮ ಬರೆದಾಕಿ ನಾನ. ಅದನ್ನ ತೆಗಿಸೀನಿ.”

ಹಾಲವ್ವ ಬೈಯಲಿಲ್ಲ. “ನೀ ಬೆಲ್ಲ ಕೊಟ್ಟಿ. ಕೆಟ್ಟದ್ದ ಮನಸ್ಸಿನ್ಯಾಗ ಇಟ್ಟು ಕೊಟ್ಟಿಲ್ಲ. ಅದು ಗೊತ್ತೈತಿ,” ಎಂದಳು. ಆಮೇಲೆ, “ಅದಕ್ಕ ಮಗ ಹೊಳ್ಳಿ ಬರ್ತಾನೇನು?”

ರೆಹಾನಾ ಚೀಲದಿಂದ ಗಾಜಿನ ಸಣ್ಣ ಯಂತ್ರ ತೆಗೆದು ನೆಲದ ಮೇಲಿಟ್ಟಳು. “ಒಂದು ಸಲ ಹೆಬ್ಬೆರಳು ಇಡ್ರಿ. ಇಲ್ಲಾಂದ್ರ ನೀವು ತೀರಿಕೊಂಡೀರಿ ಅಂತ ಬರಕೋತದ. ನಿಮ್ಮ ಪಾಲು ಕಾಯಂ ನಿಲ್ತದ.”

“ಬರಕೊಳ್ಳಲಿ.”

“ಯಾಕರೀ ಅವ್ವಾರ? ಸರ್ಕಾರದ ಎಲ್ಲಾ ಕಡೆ ನೀವು ಸತ್ತಂಗ ಆಗ್ತದ.”

“ಅದ ಬೇಕು ನನಗ.” ಹಾಲವ್ವ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು, ಮಗ್ಗದಲ್ಲಿದ್ದ ಸುವರ್ಣಾಳಿಗೆ ಕೇಳಬಾರದೆಂದು. “ನನ್ನ ಹೆಸರ ಹಿಡಕೊಂಡು ಒಮ್ಮೆ ಈ ಮನಿಗೆ ಬಂತು. ನಾ ಸಿಗಲಿಲ್ಲ. ಮಗನ್ನ ಒಯ್ತು. ಇನ್ನೂ ನನ್ನ ಹುಡುಕತಿರತೈತಿ. ನಾ ಅದೀನಿ ಅಂತ ನೀ ಹೇಳಿದ್ರ ಮತ್ತ ಬರತೈತಿ. ಮತ್ತ ದಾರಿ ತಪ್ಪಿದ್ರ? ಈ ಮನ್ಯಾಗ ಇನ್ನ ಆಕಿ ಒಬ್ಬಾಕೆ ಉಳದಾಳ.” ಅವಳ ಒಣಗಿದ ಕೈ ರೆಹಾನಾಳ ಮುಂಗೈ ಹಿಡಿದಿತ್ತು. “ಹಾಲವ್ವ ಸತ್ತಾಳಂತ ಹೇಳಿಬಿಡು ತಂಗಿ. ಹುಡುಕೂದು ಬಿಡಲಿ.”

ಆ ಗಾಜಿನ ಹಿಂದೆ ಒಂದಿಷ್ಟು ಬೆಳಕು, ಒಂದಿಷ್ಟು ಗಣಿತ ಬಿಟ್ಟರೆ ಬೇರೇನೂ ಇಲ್ಲವೆಂದು ರೆಹಾನಾಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದಳು. ಹಿಂದೆ ಮಗ್ಗ ನಡೆಯುತ್ತಲೇ ಇತ್ತು. ಅವಳು ಏನೂ ಹೇಳದೆ ಗಾಜಿನ ಯಂತ್ರವನ್ನು ತಿರುಗಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಕೇಂದ್ರದಲ್ಲಿ ಪರದೆ ಅದೇ ಪ್ರಶ್ನೆ ಹಿಡಿದು ಕಾಯುತ್ತಿತ್ತು. ಹೌದು ಎಂದು ಒತ್ತಿದರೆ ಯಂತ್ರ ಇದನ್ನೂ ಕಲಿಯುತ್ತದೆ, ಹಾಲವ್ವನ ಬಗೆಗಿನ ತನ್ನ ಅಂದಾಜು ಕೊನೆಗೂ ಸರಿಯಾಯಿತು ಎಂದುಕೊಳ್ಳುತ್ತದೆ ಎಂಬುದು ರೆಹಾನಾಳಿಗೆ ಗೊತ್ತಿತ್ತು. ಸುಳ್ಳು ಬರೆದದ್ದು ಗೊತ್ತಾದರೆ ಕೆಲಸ ಹೋಗುವುದೂ ಗೊತ್ತಿತ್ತು. ಅವಳು ಕಣ್ಣು ಮುಚ್ಚಿ ‘ಹೌದು’ ಒತ್ತಿದಳು. ಹೆಸರು ಬೂದು ಬಣ್ಣಕ್ಕೆ ತಿರುಗಿ ಪಟ್ಟಿಯಿಂದ ಕೆಳಗಿಳಿಯಿತು.

ಹಾಲವ್ವ ಆಮೇಲೆ ಎಷ್ಟು ವರ್ಷ ಬದುಕಿದಳೋ ಧಾರವಾಡದಲ್ಲಿ ಯಾರಿಗೂ ಗೊತ್ತಾಗಲಿಲ್ಲ.